ಏಳು ಬೀಗದ ಕಣಜ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ರಸ್ತೆ ತುಂಬ ಜನ ಓಡಾಡುತ್ತಿರುವಾಗಲೇ, ಬೇಕರಿಯವನ ಬಲಗೈಯನ್ನು ಅವನದೇ ಒಲೆಯ ಕಬ್ಬಿಣದ ಬಾಗಿಲಿಗೆ ಸಿಕ್ಕಿಸಿ ಮುರಿದರು. ಮೂವರು ಬಂದಿದ್ದರು. ಇಬ್ಬರು ಹಿಡಿದುಕೊಂಡರು, ಒಬ್ಬ ಬಾಗಿಲನ್ನು ಒದ್ದ. ಮೊದಲನೆಯ ಒದೆತಕ್ಕೆ ಬೇಕರಿಯವನು ಬೈದ, ಎರಡನೆಯದಕ್ಕೆ ಅತ್ತ, ಮೂರನೆಯದಕ್ಕೆ ಸೊಂಟದ ದಾರದಲ್ಲಿದ್ದ ಕೀಲಿಕೈ ಬಿಚ್ಚಿಕೊಟ್ಟ. ಒದ್ದವನು ಅದನ್ನು ಹಿಡಿದುಕೊಂಡು ಸೇತುವೆಯವರೆಗೆ ಆರಾಮಾಗಿ ನಡೆದುಹೋಗಿ, ಎಲ್ಲರೂ ನೋಡುತ್ತಿದ್ದಂತೆ ನದಿಗೆ ಎಸೆದ. ಕೈ ಒರೆಸಿಕೊಂಡು, "ಒಂದು ಹೋಯ್ತು, ಇನ್ನು ಆರು," ಎಂದ.

ಇವನನ್ನು ಸುತ್ತಿಗೆ ಎನ್ನುತ್ತಿದ್ದರು. ಗೋದಾಮಿನ ಯಜಮಾನನ ಬಂಟ. ಷರ್ಟಿನೊಳಗೆ ಸದಾ ಒಂದು ಗಿಡ್ಡ ಸುತ್ತಿಗೆ ಇಟ್ಟುಕೊಂಡಿರುತ್ತಿದ್ದ, ಅದರಿಂದ ಆ ಹೆಸರು. ಎದುರಿಗೆ ಸಿಕ್ಕರೆ ಜನ 'ಅಣ್ಣ' ಸೇರಿಸುತ್ತಿದ್ದರು, ಬೆನ್ನು ತಿರುಗಿಸಿದರೆ ಸೇರಿಸುತ್ತಿದ್ದ ಮಾತುಗಳೇ ಬೇರೆ. ಹೋದ ವರ್ಷ ಆ ಸುತ್ತಿಗೆಯ ಹಿಡಿ ಸಡಿಲವಾದಾಗ ಬೆಣೆ ಹೊಡೆದು ಭದ್ರ ಮಾಡಿಕೊಟ್ಟವನು ಬೀಗದವನು. ಬೇಕರಿಯ ಎದುರಿನ ಅಂಗಡಿ ಅವನದು. ಅಂಗಡಿಯೆಂದರೆ ಏನು ಮಹಾ, ಒಂದು ಬೆಂಚು, ಕಬ್ಬಿಣ ಕಚ್ಚಿ ಹಿಡಿಯುವ ಒಂದು ವೈಸ್, ಗೋಡೆ ತುಂಬ ನೇತಾಡುವ ತುಕ್ಕು ಹಿಡಿದ ಕೀಲಿಕೈಗಳು. ಆ ಬೆಂಚಿನ ಹಿಂದೆ ನಿಂತು ಅವನು ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ನೋಡಿದ. ಕೈಯಲ್ಲಿ ಕೀಲಿಕೈ ಉಜ್ಜುವ ಅರ ಇತ್ತು. ಅದು ಕೈಯಲ್ಲೇ ಉಳಿಯಿತು.

ಓಡಿಹೋಗಿ ಬಿಡಿಸಬಾರದಿತ್ತೇ ಪಾಪಿ ಎಂದು ನೀವು ಕೇಳಬಹುದು. ಕೇಳಿ. ಅವನೂ ಅದನ್ನೇ ಕೇಳಿಕೊಂಡ, ಆ ಇಡೀ ವಾರ. ಆದರೆ ಅವನ ಸಂಕಟ ಬರೀ ಹೇಡಿಯ ಸಂಕಟವಾಗಿರಲಿಲ್ಲ, ಅದರ ಕೆಳಗೆ ಇನ್ನೊಂದಿತ್ತು. ಅದನ್ನು ಹೇಳಬೇಕಾದರೆ ಕಣಜದ ಕಥೆ ಹೇಳಬೇಕು.

ಮೂರು ವರ್ಷದ ಹಿಂದೆ ಬೆಳೆ ಕಡಿಮೆಯಾದಾಗ ಯಜಮಾನ ಗೋದಾಮಿನ ತುಂಬ ಗೋಧಿ ಇಟ್ಟುಕೊಂಡು ಬಾಗಿಲು ಹಾಕಿ ಕುಳಿತ. ಜನ ಒಂದು ಹೊತ್ತು ಉಂಡು ಒಂದು ಹೊತ್ತು ಬಿಟ್ಟರು. ಬೆಲೆ ಮೂರು ಪಟ್ಟಾದ ಮೇಲೆ ಬಾಗಿಲು ತೆಗೆದ, ಹುಳು ಹಿಡಿದದ್ದನ್ನೂ ಸೇರಿಸಿ ಮಾರಿದ. ಬೆಳೆದವರಿಗೆ ಅದರಲ್ಲಿ ಬಿಡಿಗಾಸೂ ಹೆಚ್ಚು ಸಿಗಲಿಲ್ಲ. ಆಗ ಬಡಾವಣೆಯ ಮುನ್ನೂರು ಮನೆಯವರು ಮತ್ತು ಊರಾಚೆಯ ಬೆಳೆಗಾರರು ಶಾಲೆಯ ಮೈದಾನದಲ್ಲಿ ಸೇರಿ ನಾಲ್ಕು ಭಾನುವಾರ ಗಂಟಲು ಹರಿದುಕೊಂಡರು. ಕೊನೆಗೆ ಒಂದು ಒಪ್ಪಂದವಾಯಿತು. ಬೆಳೆಗಾರರು ಹೊಲಕ್ಕೆ ವಿಷ ಹೊಡೆಯದೆ ಬೆಳೆದದ್ದನ್ನು ನೇರವಾಗಿ ಇಲ್ಲಿಗೇ ತರಬೇಕು, ದರ ಎಲ್ಲರೂ ಕೂತು ವರ್ಷಕ್ಕೊಮ್ಮೆ ಹೇಳಬೇಕು, ಪ್ರತಿ ಮನೆಯಿಂದ ತಿಂಗಳಿಗೆ ಎರಡು ದಿನ ದುಡಿಮೆ ಕೊಡಬೇಕು, ಹಂಚುವಾಗ ಮನೆಯಲ್ಲಿ ಎಷ್ಟು ಬಾಯಿ ಇದೆಯೋ ಅಷ್ಟೇ. ಮುಚ್ಚಿಹೋಗಿದ್ದ ಹಳೆಯ ಐಸ್ ಫ್ಯಾಕ್ಟರಿ ಕಣಜವಾಯಿತು. ಮೊಳ ದಪ್ಪದ ಗೋಡೆ, ಕಬ್ಬಿಣದ ಬಾಗಿಲು, ಇಲಿಗೂ ಒಳಗೆ ದಾರಿಯಿಲ್ಲ.

ಬಾಗಿಲಿನ ಕೀಲಿಕೈ ಯಾರ ಹತ್ತಿರ ಇರಬೇಕು ಎನ್ನುವುದಕ್ಕೆ ಇನ್ನೆರಡು ಭಾನುವಾರ ಜಗಳ. ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದಾಗ ಜರಡಿ ಹೆಣೆಯುವ ಅಜ್ಜಿ ಎದ್ದು ನಿಂತಳು. ಅವಳಿಗೆ ಅರ್ಧ ಕಣ್ಣು ಕಾಣುತ್ತಿರಲಿಲ್ಲ, ಬಾಯಿ ಮಾತ್ರ ಪೂರ್ತಿ ನೆಟ್ಟಗಿತ್ತು.

"ಯಾರನ್ನೂ ಪೂರ್ತಿ ನಂಬೋದು ಬೇಡ್ರಪ್ಪ. ಎಲ್ಲರನ್ನೂ ಸ್ವಲ್ಪ ಸ್ವಲ್ಪ ನಂಬೋಣ. ಆರು ಬೀದಿಗೆ ಆರು ಬೀಗ, ಬೆಳೆಯೋರದ್ದು ಒಂದು. ಏಳು ಜನ ಬಂದ್ರೆ ಬಾಗಿಲು ತೆಗೀಲಿ, ಇಲ್ಲಾಂದ್ರೆ ಇಲ್ಲ."

ಹಾಗೆಯೇ ಆಯಿತು. ಪ್ರತಿ ಶನಿವಾರ ಬೆಳಿಗ್ಗೆ ಏಳು ಜನ ಬಂದು, ಒಬ್ಬೊಬ್ಬರೂ ತಮ್ಮ ತಮ್ಮ ಬೀಗವನ್ನಷ್ಟೇ ತೆಗೆಯಬೇಕು. ಬೆಳೆಗಾರರು ಇನ್ನೊಂದು ಮಾತು ಸೇರಿಸಿದರು. ಹಿಂದೊಂದು ಸಂಘದ ಅಧ್ಯಕ್ಷ ಬೀಗ ಒಡೆದು ಅವರ ಬೆಳೆಯನ್ನೆಲ್ಲ ಗುಳುಂ ಮಾಡಿದ್ದ, ಆ ಉರಿ ಆರಿರಲಿಲ್ಲ. ಒಂದೇ ಒಂದು ಬೀಗ ಒಡೆದರೂ ಅವತ್ತಿಗೆ ಕಣಜ ಮುಗಿಯಿತು, ಬೆಳೆಗಾರರು ತಮ್ಮ ದಾರಿ ಹಿಡಿಯಬಹುದು. ಕೀಲಿಕೈ ಕಳೆದುಹೋದರೆ ಬೀಗದವನೇ ಎಲ್ಲರ ಕಣ್ಣೆದುರು ಹೊಸದು ಮಾಡಿಕೊಡಬೇಕು. ಇದನ್ನು ಬಾಗಿಲಿನ ಮೇಲೆ ಬಿಳಿ ಬಣ್ಣದಲ್ಲಿ ಬರೆಸಿದರು.

ಏಳು ಬೀಗ ಮಾಡುವುದು ಬೀಗದವನ ಪಾಲಿನ ದುಡಿಮೆಯಾಯಿತು. ಕೊಟ್ಟದ್ದು ಎಂಟು ದಿನ. ಒಂದು ಬೀಗದ ಒಳಗಿನ ಪಟ್ಟಿಗಳನ್ನು ಉಜ್ಜಿ ಕೂರಿಸಲು ಅವನಿಗೆ ಎರಡು ದಿನ ಹಿಡಿಯಿತು. ಎರಡನೆಯದಕ್ಕೆ ಬೇರೆ ಅಳತೆ ತೆಗೆಯಬೇಕು ಎನ್ನುವಾಗ ಬೆನ್ನು ನೋಯುತ್ತಿತ್ತು. ಈಗ ಇದೇ ಅಳತೆಯಲ್ಲಿ ಮಾಡಿಬಿಡೋಣ, ಆಮೇಲೆ ಒಂದೊಂದಾಗಿ ಬದಲಾಯಿಸಿದರಾಯಿತು ಎಂದುಕೊಂಡ ಮಹಾಶಯ. ಏಳು ಬೀಗಗಳ ಹೊಟ್ಟೆಯೊಳಗೂ ಒಂದೇ ಲೆಕ್ಕ ಕೂರಿಸಿದ. ಕೀಲಿಕೈಗಳ ಹಿಡಿ ಮಾತ್ರ ಒಂದು ದುಂಡಗೆ, ಒಂದು ಚೌಕ, ಒಂದು ಎಲೆಯ ಹಾಗೆ. ಹಲ್ಲುಗಳೆಲ್ಲ ಒಂದೇ. ಯಾವ ಕೀಲಿಕೈಯನ್ನು ಯಾವ ಬೀಗಕ್ಕೆ ಹಾಕಿದರೂ ತೆರೆಯುತ್ತಿತ್ತು. ಪ್ರತಿಯೊಬ್ಬರೂ ತಮ್ಮದನ್ನಷ್ಟೇ ತೆಗೆಯುವ ಪದ್ಧತಿಯಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಆ 'ಆಮೇಲೆ' ಮೂರು ವರ್ಷವಾದರೂ ಬರಲಿಲ್ಲ.

ಈ ಸಲ ಮತ್ತೆ ಬೆಳೆ ಕಡಿಮೆ. ಯಜಮಾನ ಗೋದಾಮು ಮುಚ್ಚಿ ಕುಳಿತ, ಆದರೆ ಮುನ್ನೂರು ಮನೆಯವರು ಅವನ ಕಡೆ ತಿರುಗಿಯೂ ನೋಡಲಿಲ್ಲ. ಬರುವ ಶನಿವಾರ ಬೆಳೆಗಾರರ ಹೊಸ ಬೆಳೆ ಬರುವುದಿತ್ತು. ಅವತ್ತು ಕಣಜದ ಬಾಗಿಲು ತೆರೆಯದಿದ್ದರೆ ಟ್ರ್ಯಾಕ್ಟರುಗಳು ಬೇರೆ ದಾರಿಯಿಲ್ಲದೆ ಗೋದಾಮಿಗೆ ತಿರುಗಬೇಕು, ಅವನು ಹೇಳಿದ ದರಕ್ಕೆ ಸುರಿಯಬೇಕು, ಈ ಜನ ಮತ್ತೆ ಅವನ ಬಾಗಿಲಲ್ಲಿ ಚೀಲ ಹಿಡಿದು ನಿಲ್ಲಬೇಕು. ಬಾಗಿಲು ಒಡೆಯುವ ಗೋಜೇ ಯಜಮಾನನಿಗೆ ಬೇಕಿರಲಿಲ್ಲ. ತೆರೆಯದ ಹಾಗೆ ನೋಡಿಕೊಂಡರೆ ಸಾಕಾಗಿತ್ತು.

ಮಂಗಳವಾರ ಸೂಲಗಿತ್ತಿಯ ಮನೆಗೆ ನುಗ್ಗಿದರು. ಹೆರಿಗೆ ಮಾಡಿಸಿ ಬಂದು ಆಗಷ್ಟೇ ಕೈ ತೊಳೆಯುತ್ತಿದ್ದಳು. ಅವಳ ಜಡೆ ಹಿಡಿದು ಮೆಟ್ಟಿಲಿಂದ ಮೆಟ್ಟಿಲಿಗೆ ಎಳೆದರು. ಅದೇ ಮಧ್ಯಾಹ್ನ ಬಸ್ ಡ್ರೈವರನನ್ನು ಸೀಟಿನಿಂದ ಎಳೆದು ಹಾಕಿ, ಪ್ರಯಾಣಿಕರು ಕಿಟಕಿಯಿಂದ ನೋಡುತ್ತಿರುವಾಗಲೇ ಪಕ್ಕೆಲುಬು ಮುರಿಯುವವರೆಗೆ ಒದ್ದರು. ಇಬ್ಬರ ಬಳಿಯಿದ್ದ ಕೀಲಿಕೈಗಳೂ ನದಿ ಸೇರಿದವು. ಜನ ಠಾಣೆಗೆ ಹೋದರು. ಠಾಣೆಯವರು ಎಲ್ಲವನ್ನೂ ಬರೆದುಕೊಂಡರು, ನೀರು ಕುಡಿಸಿದರು, "ನದಿಗೆ ಬಿದ್ದಿದ್ದನ್ನ ನಾವೆಲ್ಲಿ ಹುಡುಕೋಣ ಹೇಳಿ," ಎಂದರು.

ಬುಧವಾರ ಬೆಳಿಗ್ಗೆ ಸುತ್ತಿಗೆ ಬೀಗದವನ ಅಂಗಡಿಗೇ ಬಂದ. ಸ್ಟೂಲಿನ ಮೇಲೆ ಕುಳಿತು ಸುತ್ತಿಗೆಯನ್ನು ಬೆಂಚಿನ ಮೇಲಿಟ್ಟ.

"ಒಳ್ಳೆ ಕೆಲಸ ಮಾಡ್ಕೊಟ್ಟಿದೀಯ ಕಣೋ. ಎಷ್ಟು ಹೊಡೆದ್ರೂ ಅಲುಗಾಡಲ್ಲ."

ಬೀಗದವನು ಕೈಯಲ್ಲಿದ್ದ ಅರವನ್ನು ಕೆಳಗಿಟ್ಟ.

"ಅವ್ರು ನಿನ್ನ ಹತ್ರ ಬರ್ತಾರೆ, ಹೊಸ ಕೀ ಮಾಡ್ಕೊಡು ಅಂತ. ಮಾಡು, ಬೇಡ ಅನ್ನಲ್ಲ. ಒಂದು ಕೀಗೆ ಒಂದು ಬೆರಳು. ಏಳು ಮಾಡಿದ್ರೆ ಏಳು. ಮಿಕ್ಕ ಮೂರರಲ್ಲಿ ಊಟ ಮಾಡ್ಕೋ."

ಅವನು ಹೇಳಿದಂತೆಯೇ ಸಂಜೆ ಕೀಲಿಕೈ ಹೊತ್ತವರು ಬಂದರು. ಅಜ್ಜಿ, ಡ್ರಾಯಿಂಗ್ ಮೇಷ್ಟ್ರು, ತಲೆಗೆ ಬಟ್ಟೆ ಕಟ್ಟಿಕೊಂಡ ಸೂಲಗಿತ್ತಿ. ಅವರೊಂದಿಗೆ ಅವನ ಅಕ್ಕನೂ ಇದ್ದಳು. ಪಕ್ಕದ ಅಂಗಡಿಯಲ್ಲೇ ಇಸ್ತ್ರಿ ಮಾಡುವ ಹೆಂಗಸು, ಅವರ ಮನೆಯಿರುವ ಬೀದಿಯ ಕೀಲಿಕೈ ಇದ್ದದ್ದು ಅವಳ ಹತ್ತಿರ. ಅವಳಿಗೆ ಓದು ಬರಹ ಇಲ್ಲ, ಗಿರಾಕಿಗಳ ಬಟ್ಟೆಯನ್ನು ಬಣ್ಣದ ದಾರದ ಗಂಟಿನಿಂದಲೇ ಗುರುತಿಸುತ್ತಿದ್ದಳು. ಒಮ್ಮೆಯೂ ಒಬ್ಬರ ಷರ್ಟು ಇನ್ನೊಬ್ಬರಿಗೆ ಹೋಗಿರಲಿಲ್ಲ. ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳೂ ಅವಳೇ.

"ಮೂರು ಕೀ ಹೋಗಿದೆ. ನಿನ್ನಿಂದ ಏನಾದ್ರೂ ಆಗುತ್ತೇನಪ್ಪ?" ಎಂದಳು ಅಜ್ಜಿ. ಎಲ್ಲರೂ ಅವನ ಮುಖವನ್ನೇ ನೋಡಿದರು. ಏನೋ ಹೇಳಲಿ ಎಂದು ಕಾಯುವಂತೆ ನೋಡಿದರು ಎಂದು ಅವನಿಗೆ ಅನ್ನಿಸಿತು.

ಹೇಳಿಬಿಡಬೇಕಿತ್ತು. ಹೊಸದೇ ಬೇಡ, ಉಳಿದ ನಾಲ್ಕರಲ್ಲಿ ಒಂದನ್ನು ಜೋಪಾನ ಮಾಡಿ ಸಾಕು ಎಂದು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೇಳಿದರೆ ಮೂರು ವರ್ಷ ಮುನ್ನೂರು ಮನೆಗೆ ಮೋಸ ಮಾಡಿದೆ ಎಂದು ಒಪ್ಪಿಕೊಂಡಂತೆ. ಬೆಳೆಗಾರರು ಕೇಳಿದರೆ ಕಣಜದ ಮುಖಕ್ಕೆ ಉಗಿದು ಹೋಗುತ್ತಾರೆ. ಅಕ್ಕ ಇನ್ನೊಮ್ಮೆ ಅವನ ಮುಖ ನೋಡುವುದಿಲ್ಲ.

"ಆಗಲ್ಲ ಅಜ್ಜಿ. ಬೀಗ ಬಿಚ್ಚದೆ ಅಳತೆ ಸಿಗಲ್ಲ," ಎಂದ. ಶುದ್ಧ ಸುಳ್ಳು. ಆ ಅಳತೆ ಅವನಿಗೆ ತನ್ನ ಅಂಗೈಗಿಂತ ಚೆನ್ನಾಗಿ ಗೊತ್ತಿತ್ತು.

ಅಜ್ಜಿ ನಿಟ್ಟುಸಿರು ಬಿಟ್ಟು, "ಆಯ್ತು ಬಿಡು, ಕೈಯೇ ನಿನ್ನ ಬದುಕು," ಎಂದು ಎದ್ದು ಹೋದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಗುರುವಾರ ಮೂರು ಮನೆ. ಮೇಷ್ಟರ ಕನ್ನಡಕವನ್ನು ಮುಖದ ಮೇಲೆ ಇದ್ದಂತೆಯೇ ಗುದ್ದಿ ಪುಡಿ ಮಾಡಿದರು, ಗಾಜು ಹುಬ್ಬಿನೊಳಗೆ ಇಳಿಯಿತು. ಬೆಳೆಗಾರರ ಕೀಲಿಕೈ ಇಟ್ಟುಕೊಂಡಿದ್ದ ಮುದುಕನನ್ನು ಟ್ರ್ಯಾಕ್ಟರಿಗೆ ಕಟ್ಟಿ ಹೊಡೆದರು. ಅಜ್ಜಿಯನ್ನು ಹೊಡೆಯಲು ಸುತ್ತಿಗೆಯ ಜೊತೆಯವರಿಗೂ ಮನಸ್ಸು ಬರಲಿಲ್ಲವಂತೆ. ಸುತ್ತಿಗೆ ತಾನೇ ಅವಳ ಮಣಿಕಟ್ಟು ತಿರುಚಿದ. ಕೊಟ್ಟಳು, ಕೊಡುವಾಗ ಅವನ ಏಳು ತಲೆಮಾರನ್ನೂ ಒಂದೊಂದಾಗಿ ಎದ್ದೇಳಿಸಿ ಬೈದಳು. ಪ್ರತಿಯೊಂದು ಸುದ್ದಿಯೂ ಅಂಗಡಿಗೆ ಬಂದು ಮುಟ್ಟಿದಾಗ ಬೀಗದವನು ಹಿಡಿದ ಕೆಲಸ ಬಿಟ್ಟು ನಿಲ್ಲುತ್ತಿದ್ದ. ಒಂದು ಸಾಕಿತ್ತು, ಇವರೆಲ್ಲ ಯಾಕೆ ಹೊಡೆತ ತಿಂದರು, ನನ್ನ ಬೆನ್ನುನೋವಿಗಾಗಿ ತಿಂದರು. ಗೋಡೆಯ ಮೇಲಿನ ಕೀಲಿಕೈಗಳನ್ನು ನೋಡುತ್ತ ಇದನ್ನೇ ನೂರು ಸಲ ಹೇಳಿಕೊಂಡ.

ಉಳಿದದ್ದು ಅಕ್ಕನದು.

ಶುಕ್ರವಾರ ಮಧ್ಯಾಹ್ನ ಬಂದರು. ಬಿಸಿಲು ನೆತ್ತಿಯ ಮೇಲಿತ್ತು. ಅಕ್ಕ ಆಸ್ಪತ್ರೆಯ ಬಿಳಿ ಕೋಟುಗಳಿಗೆ ಇಸ್ತ್ರಿ ಮಾಡುತ್ತಿದ್ದಳು, ಕೆಂಡ ತುಂಬಿದ ಹಳೆಯ ಇಸ್ತ್ರಿಪೆಟ್ಟಿಗೆ, ಮೂರು ಸೇರು ತೂಕ. ಎರಡು ಅಂಗಡಿಗಳ ನಡುವೆ ಬರೀ ಹಲಗೆಯ ಗೋಡೆ. ಆ ಹಲಗೆಗಳ ಸಂದಿನಲ್ಲಿ ಬೀಗದವನಿಗೆ ಎಲ್ಲ ಕಾಣುತ್ತಿತ್ತು.

"ಏನಪ್ಪ, ಬಟ್ಟೆ ತಂದಿದೀಯಾ?" ಎಂದಳು ಅಕ್ಕ, ತಲೆ ಎತ್ತದೆ.

"ಕೀ ಕೊಡು."

"ಯಜಮಾನಂದು ಬಿಳಿ ಪಂಚೆ ಇದ್ರೆ ತಗೊಂಡ್ಬಾ. ಕಲೆ ಬಹಳ ಇರ್ಬೇಕು, ನಾನೇ ತೆಗೆದ್ಕೊಡ್ತೀನಿ."

ಸುತ್ತಿಗೆ ನಕ್ಕು ಮುಂದಕ್ಕೆ ಬಾಗಿ ಅವಳ ಕುತ್ತಿಗೆಯ ದಾರಕ್ಕೆ ಕೈ ಹಾಕಿದ. ಅಕ್ಕ ಇಸ್ತ್ರಿಪೆಟ್ಟಿಗೆ ಎತ್ತಿ ಅವನ ಕೆನ್ನೆಗೆ ಬೀಸಿದಳು. ಚರ್ಮ ಚುರ್ ಎಂದದ್ದು ಹಲಗೆಯ ಈಚೆಗೂ ಕೇಳಿಸಿತು, ವಾಸನೆಯೂ ಬಂತು. ಅವನ ಕಿರುಚಾಟಕ್ಕೆ ಬೀದಿಯ ನಾಯಿಗಳೆಲ್ಲ ಎದ್ದವು. ಆಮೇಲೆ ಮೂವರೂ ಅವಳ ಮೇಲೆ ಬಿದ್ದರು. ಮೇಜು ಉರುಳಿತು, ಇಸ್ತ್ರಿಪೆಟ್ಟಿಗೆ ಮೂಲೆಗೆ ಹೋಗಿ ಬಿತ್ತು, ಬಿಳಿ ಕೋಟುಗಳು ಕೆಂಪಾದವು. ಅವಳು ಕಚ್ಚಿದಳು, ಪರಚಿದಳು, ಬಿದ್ದ ಮೇಲೂ ಒಬ್ಬನ ಕಾಲು ಹಿಡಿದು ಕೆಡವಿದಳು.

ಬೀಗದವನು ಹಲಗೆಗೆ ಹಣೆ ಒತ್ತಿ ನಿಂತಿದ್ದ.

"ಅಕ್ಕಾ, ಕೊಟ್ಬಿಡೇ!" ಎಂದು ಕೂಗಿದ. ಅಷ್ಟೇ ಅವನಿಂದ ಆದದ್ದು.

ಅವಳು ಸಂದಿನ ಕಡೆ ನೋಡಿದಳು. ಅಷ್ಟರಲ್ಲಿ ಸುತ್ತಿಗೆ ಒಂದು ಕೈಯಲ್ಲಿ ಕೆನ್ನೆ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಅವಳ ದವಡೆಗೆ ಹೊಡೆದ. ಬೀಗದವನು ಕಣ್ಣು ಮುಚ್ಚಿದ. ತೆರೆದಾಗ ದಾರ ಹರಿದಿತ್ತು, ಕೀಲಿಕೈ ಅವರಲ್ಲೊಬ್ಬನ ಕೈಯಲ್ಲಿತ್ತು. "ಏಳು!" ಎಂದು ಕೂಗಿ ಸೇತುವೆಯ ಕಡೆ ಓಡಿದರು. ಬೀಗದವನು ಆ ಕೀಲಿಕೈಯನ್ನು ಸರಿಯಾಗಿ ನೋಡಲೂ ಇಲ್ಲ.

ಜನ ಸೇರಿ ಅವಳನ್ನು ತರಕಾರಿಯ ತಳ್ಳುಗಾಡಿಯಲ್ಲಿ ಮಲಗಿಸಿದರು. ಬೀಗದವನೂ ಕೈ ಹಿಡಿದ. ಅವಳು ಬಾಯಲ್ಲಿ ರಕ್ತ ತುಂಬಿಕೊಂಡು ಏನೋ ಹೇಳಲು ಹೋದಳು, ದವಡೆ ಮುರಿದಿತ್ತು, ಮಾತು ಬರಲಿಲ್ಲ. ಅವನ ಷರ್ಟು ಹಿಡಿದು ಜಗ್ಗಿದಳು. ಬೈಯುತ್ತಿದ್ದಾಳೆ ಎಂದುಕೊಂಡ ಅವನು ಬೆರಳು ಬಿಡಿಸಿಕೊಂಡು, "ನೀವು ನಡೀರಿ, ಅಂಗಡಿ ಮುಚ್ಚಿ ಬರ್ತೀನಿ," ಎಂದ.

ಹೋಗಲಿಲ್ಲ. ಹೋಗಿ ಯಾವ ಮುಖ ತೋರಿಸುವುದು? ಅಕ್ಕನ ಅಂಗಡಿ ಗುಡಿಸಿದ, ಕೋಟುಗಳನ್ನು ನೀರಿಗೆ ಹಾಕಿದ, ಇಸ್ತ್ರಿಪೆಟ್ಟಿಗೆಯನ್ನು ತಂದು ತನ್ನ ಬೆಂಚಿನ ಮೇಲಿಟ್ಟ. ಅಂಚಿನಲ್ಲಿ ಸುತ್ತಿಗೆಯ ಕೆನ್ನೆಯ ಚರ್ಮ ಅಂಟಿಕೊಂಡಿತ್ತು, ಅದನ್ನು ಒರೆಸಿದ. ಕೆಲಸ ಮುಗಿದೊಡನೆ ಬೂದಿ ತೆಗೆಯಬೇಕೆಂದು ಅಕ್ಕ ಬಡಿದುಕೊಳ್ಳುತ್ತಿದ್ದಳು. ಅದನ್ನು ಮಾಡುವ ತ್ರಾಣವೂ ಅವನಲ್ಲಿರಲಿಲ್ಲ. ಕತ್ತಲಾಗುವವರೆಗೆ ಅದರ ಎದುರು ಕುಳಿತು, ಸಣ್ಣ ಮಗುವಿನ ಹಾಗೆ ಅತ್ತ. ಅತ್ತು ಸಾಕಾದ ಮೇಲೆ ಡಬ್ಬದಿಂದ ಹಲ್ಲು ಕೊಯ್ಯದ ಒಂದು ಖಾಲಿ ಕೀಲಿಕೈ ತೆಗೆದು ಜೇಬಿಗೆ ಹಾಕಿಕೊಂಡ.

ಶನಿವಾರ ಬೆಳಿಗ್ಗೆ ಕಣಜದ ಮುಂದೆ ಹನ್ನೊಂದು ಟ್ರ್ಯಾಕ್ಟರು ಸಾಲಾಗಿ ನಿಂತಿದ್ದವು. ಮೂಲೆಯಲ್ಲಿ ಗೋದಾಮಿನ ಲಾರಿಯೊಂದು, ಎಂಜಿನ್ ಆರಿಸದೆ, ಬಾಯಿ ಚಪ್ಪರಿಸಿಕೊಂಡು ಕಾಯುತ್ತಿತ್ತು. ಜನ ಖಾಲಿ ಚೀಲ ಹಿಡಿದು ಸುಮ್ಮನೆ ನಿಂತಿದ್ದರು. ಬಾಗಿಲ ಬಳಿ ಆ ಆರು ಜನ, ಒಬ್ಬರ ಕೈ ಕಟ್ಟಿದೆ, ಒಬ್ಬರ ಕಣ್ಣು ಊದಿದೆ, ಒಬ್ಬರಿಗೆ ನೆಟ್ಟಗೆ ನಿಲ್ಲಲಾಗುತ್ತಿಲ್ಲ. ಸುತ್ತಿಗೆ ಕೆನ್ನೆಗೆ ಮುಲಾಮು ಮೆತ್ತಿಕೊಂಡು ತನ್ನ ಇಬ್ಬರೊಂದಿಗೆ ಮೆಟ್ಟಿಲ ಮೇಲೇ ಕುಳಿತಿದ್ದ.

ಬೀಗದವನು ವೈಸ್ ಹೊತ್ತುಕೊಂಡು ಬಂದ. ತೂಕದ ಮೇಜಿಗೆ ಅದನ್ನು ಬಿಗಿದ, ಖಾಲಿ ಕೀಲಿಕೈ ಕಚ್ಚಿಸಿದ, ಅರ ಹಿಡಿದ.

"ಒಂದು ಕೀ, ಒಂದು ಬೆರಳು. ನೆನಪಿದೆ ತಾನೆ?" ಎಂದ ಸುತ್ತಿಗೆ.

"ಇದೆ," ಎಂದ ಬೀಗದವನು. ಅರ ಎಳೆಯತೊಡಗಿದ. ಕೈಗೆ ತನ್ನ ಕೆಲಸ ಗೊತ್ತಿತ್ತು.

ಜೊತೆಯವನು ಎದ್ದು ಕಿತ್ತುಕೊಳ್ಳಲು ಹೋದಾಗ ಸುತ್ತಿಗೆಯೇ ತಡೆದ. "ಮಾಡ್ಲಿ ಬಿಡೋ. ಏಳು ಆಗೋ ಹೊತ್ತಿಗೆ ಇವನಿಗೆ ಕೈಯೇ ಇರಲ್ಲ. ಎಲ್ಲರೂ ನೋಡ್ಲಿ."

ಕಾಲು ಗಂಟೆ ಅರದ ಕಿರ್ ಕಿರ್ ಬಿಟ್ಟರೆ ಬೇರೆ ಸದ್ದಿಲ್ಲ. ಹಲ್ಲುಗಳನ್ನು ಊದಿ, ಬೆರಳಿಂದ ಸವರಿ ನೋಡಿ, ಅವನು ಬಾಗಿಲ ಬಳಿ ಹೋದ. ಮೊದಲನೆಯದು ಬೇಕರಿಯವನ ಬೀಗ. ಕೀಲಿಕೈ ಹೋಯಿತು, ತಿರುಗಿತು, ಬೀಗ ಬಾಯಿಬಿಟ್ಟಿತು. ಜನರಲ್ಲಿ ಯಾರೋ "ಭಲೇ" ಎಂದರು. ಈಗ ಹೇಳಬೇಕು ಎಂದುಕೊಂಡು ಅವನು ಎರಡನೆಯ ಬೀಗಕ್ಕೆ ಕೈ ಚಾಚುವಷ್ಟರಲ್ಲಿ ಅವರು ಹಿಡಿದರು. ಅವನ ಬಲಗೈಯನ್ನು ಬಾಗಿಲಿನ ಅಡ್ಡಪಟ್ಟಿಯ ಮೇಲೆ ಅಗಲಿಸಿ ಒತ್ತಿದರು. ಸುತ್ತಿಗೆ ತೋರುಬೆರಳನ್ನೇ ಆರಿಸಿದ, ಅರ ಹಿಡಿಯುವ ಬೆರಳು. ಎರಡು ಏಟು ಹಾಕಿದ. ಬೀಗದವನು ತಾನೇ ಬೆಣೆ ಹೊಡೆದ ಹಿಡಿ ಅಲುಗಾಡಲಿಲ್ಲ. ಬೆರಳು ಗೆಣ್ಣಿನವರೆಗೆ ಜಜ್ಜಿಹೋಯಿತು. ಅವನು ಕೂಗಿಕೊಂಡದ್ದು ಸೇತುವೆಯ ಆಚೆಗೂ ಕೇಳಿಸಿತೆಂದು ಆಮೇಲೆ ಹೇಳಿದರು.

"ಈಗ ಎರಡನೇದು ಮಾಡು," ಎಂದ ಸುತ್ತಿಗೆ.

ಕೀಲಿಕೈ ನೆಲಕ್ಕೆ ಬಿದ್ದಿತ್ತು. ಜರಡಿ ಅಜ್ಜಿ ಬಗ್ಗಿ, ಅಂಗೈಯಿಂದ ನೆಲ ಸವರಿ, ಅದನ್ನು ಹುಡುಕಿಕೊಂಡಳು. ಎದ್ದು ಬಾಗಿಲನ್ನು ತಡಕಿ ತನ್ನ ಬೀಗಕ್ಕೆ ಹಾಕಿದಳು. ಅದು ತೆರೆಯಿತು. ಕೀಲಿಕೈಯನ್ನು ಮೇಷ್ಟರಿಗೆ ಕೊಟ್ಟಳು. ಮೇಷ್ಟ್ರು ತಮ್ಮದನ್ನು ತೆಗೆದು ಸೂಲಗಿತ್ತಿಗೆ ಕೊಟ್ಟರು. ಅವರ ಮುಖದಲ್ಲಿ ಎಳ್ಳಷ್ಟೂ ಆಶ್ಚರ್ಯವಿರಲಿಲ್ಲ. ನೆಲದ ಮೇಲೆ ಕೈ ಅವುಚಿಕೊಂಡು ಬಿದ್ದಿದ್ದ ಬೀಗದವನಿಗೆ ನೋವಿನ ನಡುವೆಯೂ ಅದು ಕಂಡಿತು.

ಸುತ್ತಿಗೆಗೆ ಮೂರನೆಯ ಬೀಗಕ್ಕೆ ಅರ್ಥವಾಯಿತು. "ಕಸಕೊಳ್ರೋ!" ಎಂದು ಕೂಗಿ ಸೂಲಗಿತ್ತಿಯ ಮೇಲೆ ಹಾರಿದ. ಬೇಕರಿಯವನು ಕಟ್ಟಿದ ಕೈ ಎದೆಗೆ ಒತ್ತಿಕೊಂಡು ಗೂಳಿಯ ಹಾಗೆ ತಲೆ ಬಗ್ಗಿಸಿ ಅವನ ಹೊಟ್ಟೆಗೆ ಗುದ್ದಿದ. ಸುತ್ತಿಗೆ ಮೆಟ್ಟಿಲಿಂದ ಉರುಳಿದ. ಒಂದು ವಾರ ಕಿಟಕಿಯಿಂದ ನೋಡಿದ್ದ ಜನ, ಬಸ್ಸಿನೊಳಗಿಂದ ನೋಡಿದ್ದ ಜನ, ಸೇತುವೆಯ ಮೇಲೆ ನಿಂತು ನೋಡಿದ್ದ ಜನ, ಎಲ್ಲರೂ ಒಟ್ಟಿಗೆ ಅವನ ಮೇಲೆ ಬಿದ್ದರು. ಧಾನ್ಯ ತೋಡುವ ಸಲಿಕೆಯಿಂದ ಹೊಡೆದರು, ತೂಕದ ಕಲ್ಲಿನಿಂದ ಹೊಡೆದರು, ಚಪ್ಪಲಿಯಿಂದ ಹೊಡೆದರು. ಟ್ರ್ಯಾಕ್ಟರಿಂದ ಇಳಿದ ಬೆಳೆಗಾರರು ಉಳಿದಿಬ್ಬರನ್ನು ಚರಂಡಿಯವರೆಗೆ ಅಟ್ಟಿಸಿಕೊಂಡು ಹೋಗಿ ಕೆಡವಿದರು. ಯಾರೋ ಆ ಸುತ್ತಿಗೆಯನ್ನೇ ಎತ್ತಿಕೊಂಡು ಅವನ ಕೈಬೆರಳುಗಳನ್ನು ಮೆಟ್ಟಿಲ ಮೇಲೆ ಹರಡಿ ಹೊಡೆಯಲು ಶುರುಮಾಡಿದರು. ಅದು ನ್ಯಾಯವೆಂದು ಯಾರು ಬೇಕಾದರೂ ಹೇಳಿಕೊಳ್ಳಲಿ, ನೋಡುವ ಹಾಗಿರಲಿಲ್ಲ. ನಾಲ್ಕನೆಯ ಬೆರಳಿಗೆ ಬೀಗದವನೇ, "ಸಾಕು ಬಿಡ್ರೋ, ಸಾಕು!" ಎಂದು ಅರಚಿದ. ಗೋದಾಮಿನ ಲಾರಿ ಹಿಂದಕ್ಕೆ ತಿರುಗಿಸಲೂ ತಾಳ್ಮೆಯಿಲ್ಲದೆ ಹಿಮ್ಮುಖವಾಗಿಯೇ ಓಡಿತು.

ಅಷ್ಟು ಹೊತ್ತಿಗೆ ಆರು ಬೀಗ ತೆರೆದಿದ್ದವು. ಅಜ್ಜಿ ಅವನನ್ನು ಎಬ್ಬಿಸಿ ಎಡಗೈಯಲ್ಲಿ ಕೀಲಿಕೈ ಇಟ್ಟಳು.

"ಅಕ್ಕಂದು ನೀನು ತೆಗಿ."

"ಅಜ್ಜಿ... ನಿಮಗೆ ಗೊತ್ತಿತ್ತಾ?"

"ನನ್ನ ಕಣ್ಣಿಗೆ ನನ್ನ ಬೀಗ ಯಾವ್ದು ಅಂತ ಹೇಗೋ ಕಾಣ್ಬೇಕು? ಮೊದಲನೇ ಶನಿವಾರವೇ ಮೇಷ್ಟರದಕ್ಕೆ ಹಾಕಿ ತೆಗೆದ್ಬಿಟ್ಟೆ. ಏಳು ಜನಕ್ಕೂ ಗೊತ್ತು ಕಣೋ ಮೈಗಳ್ಳ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ನೀನಾಗೇ ಹೇಳ್ತೀಯ ಅಂತ ಕಾದ್ವಿ. ಬುಧವಾರ ಕೇಳೋಕೆ ಬಂದಿದ್ದೂ ಅದಕ್ಕೇ. ಇಲ್ಲಾಂದ್ರೆ ಆರು ಹೋದ್ರೂ ಒಂದು ಉಳಿದ್ರೆ ಸಾಕು, ಅದು ನಿಮ್ಮಕ್ಕಂದಾಗಲಿ ಅಂತ ಸೋಮವಾರವೇ ಮಾತಾಡ್ಕೊಂಡಿದ್ವಿ. ಅದೂ ನಿನ್ನೆ ಹೋಯ್ತಲ್ಲ."

ಕೇಳಿಸಿಕೊಂಡ ಜನರಲ್ಲಿ ಒಬ್ಬ ರೇಗಿದ. "ಅಂದ್ರೆ ಮೂರು ವರ್ಷ ನಮ್ಮನ್ನ ಮಂಗ ಮಾಡಿದ್ರಾ? ಈ ಏಳು ಜನದಲ್ಲಿ ಯಾರು ಬೇಕಾದ್ರೂ ಬಾಗಿಲು ತೆಗೆದು ಹೊತ್ಕೊಂಡು ಹೋಗ್ಬಹುದಿತ್ತು!"

ಬೆನ್ನು ತುಂಬ ಬಾಸುಂಡೆ ಹೊತ್ತಿದ್ದ ಬೆಳೆಗಾರರ ಮುದುಕ ಅವನ ಕಡೆ ತಿರುಗಿದ. "ಹೋಗ್ಬಹುದಿತ್ತು. ಹೋದ್ವಾ? ಒಂದು ಹಿಡಿ ಕಾಳು ಕಡಿಮೆ ಆಗಿದ್ರೆ ತೋರ್ಸು. ಟ್ರ್ಯಾಕ್ಟರ್ ಇಳಿಸ್ರಪ್ಪ, ಬಿಸಿಲು ಏರ್ತಾ ಇದೆ."

ಆದರೂ ಬೈದವರು ಬೈದರು. ಮುಂದಿನ ಭಾನುವಾರದ ಸಭೆಯಲ್ಲಿ ವಿಚಾರಣೆ ಆಗಲೇಬೇಕು, ಏಳು ಬೇರೆ ಬೇರೆ ಬೀಗ ಆಗಲೇಬೇಕು ಎಂದರು. ಬೀಗದವನು ಎಲ್ಲಕ್ಕೂ ತಲೆಯಾಡಿಸಿ ಎಡಗೈಯಿಂದ ಏಳನೆಯ ಬೀಗ ತೆಗೆದ. ಬಾಗಿಲು ತೆರೆದುಕೊಂಡಿತು, ಚೀಲಗಳು ಒಳಗೆ ಹೋಗತೊಡಗಿದವು.

ಆಸ್ಪತ್ರೆಯಲ್ಲಿ ಅವನ ಬೆರಳನ್ನು ಉಳಿಸಲಾಗಲಿಲ್ಲ. ಬ್ಯಾಂಡೇಜು ಕಟ್ಟಿದ ನರ್ಸು ಅವನನ್ನು ಗುರುತು ಹಿಡಿದು ಗದರಿದಳು. "ನೀವೇನಾ ತಮ್ಮ? ನಿನ್ನೆ ಯಾಕೆ ಬರಲಿಲ್ಲ? ನಿಮ್ಮಕ್ಕ ನಿನ್ನೆಯಿಂದ ಕೈ ಹೀಗೆ ಹೀಗೆ ಆಡಿಸ್ತಾನೇ ಇದಾರೆ. ಗಿರಾಕಿ ಬಟ್ಟೆ ಚಿಂತೆ ಇರ್ಬೇಕು, ಕೊಟ್ಟು ಕಳಿಸ್ತೀವಿ ಅಂತ ಮೇಷ್ಟ್ರು ಹೇಳಿದ್ರೂ ಬಿಡಲ್ಲ."

ಅಕ್ಕ ಮಲಗಿದ್ದಳು. ಮುಖ ಊದಿ ಗುರುತು ಸಿಗದಂತಾಗಿತ್ತು, ದವಡೆಗೆ ತಂತಿ ಹಾಕಿದ್ದರು. ಅವನನ್ನು ಕಂಡೊಡನೆ ಮುಷ್ಟಿ ಕಟ್ಟಿ ಹಾಸಿಗೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಉಜ್ಜಿದಳು. ಆಮೇಲೆ ಇನ್ನೊಂದು ಕೈಯಿಂದ ಆ ಮುಷ್ಟಿಯ ಮೇಲಿನ ಮುಚ್ಚಳ ತೆಗೆದಂತೆ ಮಾಡಿ, ಎರಡು ಬೆರಳಿಂದ ಗಾಳಿಯಲ್ಲಿ ಏನನ್ನೋ ತಿರುಗಿಸಿದಳು. ಬಂದ ಕಾಲಲ್ಲೇ ಅಂಗಡಿಗೆ ಓಡಿದ.

ಇಸ್ತ್ರಿಪೆಟ್ಟಿಗೆ ಬೆಂಚಿನ ಮೇಲೆ ಅವನು ಇಟ್ಟಲ್ಲೇ ಇತ್ತು. ಕೊಂಡಿ ಬಿಚ್ಚಿ, ಮುಚ್ಚಳ ಎತ್ತಿ, ಬೂದಿಯನ್ನು ಕಾಗದದ ಮೇಲೆ ಸುರಿದ. ಆರಿದ ಇದ್ದಿಲಿನ ನಡುವೆ ಕೀಲಿಕೈ ಬಿತ್ತು, ಚೌಕ ಹಿಡಿ, ಬೆಂಕಿಗೆ ಕಪ್ಪಾಗಿತ್ತು, ಹಲ್ಲು ಒಂದೂ ಬಾಗಿರಲಿಲ್ಲ. ಅವರು ನದಿಗೆ ಎಸೆದದ್ದು ಅಕ್ಕನ ಟ್ರಂಕಿನ ಕೀಲಿಕೈ. ಇದು ಕೆಂಡದಡಿಯಲ್ಲೇ ಇತ್ತು, ಸುತ್ತಿಗೆಯ ಕೆನ್ನೆಗೆ ಬಿದ್ದಾಗಲೂ, ನಿನ್ನೆ ಸಂಜೆ ಪೂರ್ತಿ ಇವನು ಎದುರಿಗೆ ಕುಳಿತು ಅತ್ತಾಗಲೂ. ಒಂದು ಸಲ ಅವಳ ಹತ್ತಿರ ಹೋಗಿ ನಿಂತಿದ್ದರೆ ಅವನ ಬೆರಳು ಅವನಿಗೇ ಉಳಿಯುತ್ತಿತ್ತು. ಅವನಿಗೆ ನಗು ಬಂತು, ನಗುತ್ತ ನಗುತ್ತ ಅಳು ಬಂತು, ಬೂದಿಯ ಕೈಯಲ್ಲೇ ಮುಖ ಒರೆಸಿಕೊಂಡ.

ಮತ್ತೆ ಆಸ್ಪತ್ರೆಗೆ ಹೋಗಿ ಅದನ್ನು ಅಕ್ಕನ ಅಂಗೈಯಲ್ಲಿಟ್ಟ. "ಬಾಗಿಲು ತೆಗೆದ್ವಿ ಅಕ್ಕಾ. ಎಲ್ಲ ಒಳಗೆ ಹೋಯ್ತು," ಎಂದ. ಅವಳು ಕೀಲಿಕೈ ನೋಡಿದಳು, ಅವನ ಬ್ಯಾಂಡೇಜು ನೋಡಿದಳು. ಹೇಗೆ ತೆಗೆದರೆಂದು ಅವಳಿಗೆ ತಿಳಿಯಿತು. ಕಣ್ಣಲ್ಲಿ ನೀರು ತುಂಬಿತು.

"ನಿನ್ನೆ ಸಂಜೆ ಬರಬೇಕಿತ್ತು," ಎಂದ ಅವನು.

ಅಕ್ಕ ಹೌದೆಂದು ತಲೆಯಾಡಿಸಿ, ಅವನ ಆ ಕೈಯನ್ನು ತನ್ನ ಎರಡು ಕೈಗಳಲ್ಲಿ ಹಿಡಿದುಕೊಂಡಳು.